ಕೊನೆಯ ಇಂಜೆಕ್ಷನ್ ಆಗಿ ಎಷ್ಟು ದಿನವಾಯಿತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಶು ಔಷಧಗಳ ಬಗ್ಗೆ. ಕಾನೂನು ಏನು ಹೇಳುತ್ತದೆ, ಕೊಟ್ಟಿಗೆಯಲ್ಲಿ ಏನು ಮಾಡಬೇಕು, ಎರಡನ್ನೂ ಸೇರಿಸಿ ನಮ್ಮ ಪಶುವೈದ್ಯರ ತಂಡ ಉತ್ತರಿಸಿದೆ.

ಪ್ರಶ್ನೆ: ನಮ್ಮ ಎಚ್.ಎಫ್. ಹಸುವಿಗೆ ಕೆಚ್ಚಲು ಬಾವು ಆಗಿತ್ತು. ಮೂರು ದಿನ ಇಂಜೆಕ್ಷನ್ ಕೊಡಿಸಿ, ಬಾತ ಒಂದು ಮೊಲೆತೊಟ್ಟಿಗೆ ಟ್ಯೂಬ್ ಏರಿಸಿದೆವು. ಆ ತೊಟ್ಟಿನ ಹಾಲು ಚೆಲ್ಲಿ, ಉಳಿದ ಮೂರರ ಹಾಲನ್ನು ಡೇರಿಗೆ ಹಾಕಿದೆವು. ಪರೀಕ್ಷೆ ಮಾಡಿ ವಾಪಸ್ ಕಳಿಸಿದರು. ಹಾಲು ಒಡೆದಿರಲಿಲ್ಲ, ವಾಸನೆಯೂ ಇರಲಿಲ್ಲ. ಎಷ್ಟು ದಿನ ಬಿಡಬೇಕಿತ್ತು?
– ಚನ್ನರಾಯಪಟ್ಟಣದ ಓದುಗರು

ಉತ್ತರ: ಡೇರಿಯವರು ಸರಿಯಾಗಿಯೇ ಮಾಡಿದ್ದಾರೆ. ನಾಲ್ಕು ತೊಟ್ಟುಗಳ ಗ್ರಂಥಿಗಳು ಬೇರೆ ಬೇರೆ ಆದರೂ ನಾಲ್ಕಕ್ಕೂ ಹರಿಯುವ ರಕ್ತ ಒಂದೇ. ಇಂಜೆಕ್ಷನ್ ಕೊಟ್ಟರಂತೂ ಔಷಧ ನೇರವಾಗಿ ಎಲ್ಲ ಕಡೆಗೂ ಹೋಗುತ್ತದೆ. ಒಂದೇ ತೊಟ್ಟಿಗೆ ಟ್ಯೂಬ್ ಏರಿಸಿದರೂ ಅದರಲ್ಲಿ ಸ್ವಲ್ಪ ಭಾಗ ರಕ್ತಕ್ಕೆ ಸೇರಿ ಉಳಿದ ತೊಟ್ಟುಗಳ ಹಾಲಿಗೆ ಬರುತ್ತದೆ. ಆದ್ದರಿಂದ ನಾಲ್ಕೂ ತೊಟ್ಟಿನ ಹಾಲನ್ನು ಬಿಡಬೇಕು.

ಎಷ್ಟು ದಿನ ಎನ್ನುವುದಕ್ಕೆ ಮೊದಲು ಔಷಧದ ಲೇಬಲ್ ನೋಡಿ. ಆಹಾರ ಕೊಡುವ ಪ್ರಾಣಿಗಳ ಔಷಧದ ಮೇಲೆ ವಿತ್‌ಡ್ರಾವಲ್ ಪೀರಿಯಡ್, ಅಂದರೆ ಹಾಲು ಮಾಂಸ ಬಿಡಬೇಕಾದ ಅವಧಿ, ಮುದ್ರಿಸಿರಬೇಕೆಂದು 2012ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿಯಾಗಿದೆ. ಆ ಔಷಧಕ್ಕೆ ನಿರ್ದಿಷ್ಟ ಅವಧಿ ಗೊತ್ತಾಗಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ಅದೇ ನಿಯಮ ಹೇಳುತ್ತದೆ. ಮನುಷ್ಯರ ಔಷಧವನ್ನು ಹಸುವಿಗೆ ಕೊಟ್ಟಿದ್ದರೆ ಲೇಬಲ್‌ನಲ್ಲಿ ಈ ಮಾಹಿತಿಯೇ ಇರುವುದಿಲ್ಲ. ಆಗಲೂ 7 ದಿನಕ್ಕಿಂತ ಕಡಿಮೆ ಲೆಕ್ಕ ಹಾಕಬೇಡಿ.

ಬಹಳ ಜನ ತಪ್ಪುವುದು ಎಣಿಕೆಯಲ್ಲಿ. ಮೊದಲ ಇಂಜೆಕ್ಷನ್‌ನಿಂದಲ್ಲ, ಕೊನೆಯದರಿಂದ ಎಣಿಸಬೇಕು. ಕೊನೆಯ ಸೂಜಿ ಸೋಮವಾರ ಸಂಜೆ ಆರಕ್ಕೆ ಬಿದ್ದಿದ್ದರೆ, ಏಳು ದಿನ ಮುಗಿಯುವುದು ಮುಂದಿನ ಸೋಮವಾರ ಸಂಜೆ ಆರಕ್ಕೆ. ಆ ದಿನ ಬೆಳಗಿನ ಹಾಲೂ ಡೇರಿಗೆ ಹೋಗುವಂತಿಲ್ಲ. ಎರಡು ಔಷಧ ಕೊಟ್ಟಿದ್ದರೆ ಯಾವುದರ ಅವಧಿ ಕೊನೆಗೆ ಮುಗಿಯುತ್ತದೋ ಅದು ಲೆಕ್ಕ. ಡೋಸ್ ಹೆಚ್ಚಿಸಿದ್ದರೆ, ಅಥವಾ ಸ್ನಾಯುವಿಗೆ ಹೇಳಿದ ಔಷಧವನ್ನು ಕೆಚ್ಚಲಿಗೆ ಏರಿಸಿದ್ದರೆ ಲೇಬಲ್‌ನ ಅವಧಿ ಅನ್ವಯಿಸುವುದಿಲ್ಲ. ಎಷ್ಟು ದಿನ ಎಂದು ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಬರೆಸಿಕೊಳ್ಳಿ.

ಇನ್ನೊಂದು ಎಡವಟ್ಟು ಟ್ಯೂಬ್‌ಗಳದು. ಹಾಲು ಬತ್ತಿಸುವಾಗ ಏರಿಸುವ ಟ್ಯೂಬ್ ಬೇರೆ, ಹಾಲು ಕರೆಯುವ ಹಸುವಿನದು ಬೇರೆ. ಮೊದಲನೆಯದು ಕೆಚ್ಚಲಿನಲ್ಲಿ ವಾರಗಟ್ಟಲೆ ಉಳಿಯಲೆಂದೇ ತಯಾರಾದದ್ದು. ಮನೆಯಲ್ಲಿ ಉಳಿದಿತ್ತೆಂದು ಅದನ್ನು ಕರೆಯುವ ಹಸುವಿಗೆ ಏರಿಸಿದರೆ ಏಳು ದಿನದ ಲೆಕ್ಕ ಸಾಲುವುದಿಲ್ಲ. ಬತ್ತಿಸುವ ಟ್ಯೂಬ್ ಹಾಕಿದ ಹಸು ದಿನ ತುಂಬುವ ಮೊದಲೇ ಕರು ಹಾಕಿದರೂ ಇದೇ ತೊಂದರೆ. ಗಿಣ್ಣು ಹಾಲನ್ನು ಅಕ್ಕಪಕ್ಕದವರಿಗೆ ಹಂಚುವ ಮುನ್ನ ಟ್ಯೂಬ್ ಹಾಕಿದ ತಾರೀಖು ನೋಡಿ.

ಒಂದು ಹಸುವಿನ ಹಾಲು ಇಡೀ ಊರಿನ ಹಾಲಿನಲ್ಲಿ ಬೆರೆತರೆ ಏನು ಮಹಾ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಹಾಲಿನಲ್ಲಿ ಪೆನಿಸಿಲಿನ್ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. ಹಾಗಾಗಿ ಒಂದೇ ಒಂದು ಮಿಲಿಗ್ರಾಂ ಸಾಕು, 250 ಲೀಟರ್ ಹಾಲು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ನಲವತ್ತು ಲೀಟರಿನ ಆರು ಕ್ಯಾನಿಗಿಂತ ಹೆಚ್ಚು ಅದು. ಒಂದು ಟ್ಯೂಬಿನಲ್ಲಿರುವುದು ಮಿಲಿಗ್ರಾಂಗಳ ಲೆಕ್ಕದಲ್ಲಿ ಹತ್ತಾರು, ನೂರಾರು. ಕಾಯಿಸಿದರೆ ಹೋಗುತ್ತದೆ ಎಂಬುದೂ ಸುಳ್ಳು. ಕುದಿಸಿದರೆ ರೋಗಾಣು ಸಾಯುತ್ತದೆ, ಆ್ಯಂಟಿಬಯಾಟಿಕ್‌ನ ಬಹುಪಾಲು ಉಳಿಯುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಇದು ನೇರ ಅಪಾಯ. ಉಳಿದವರಿಗೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುವ ಅಪಾಯ.

ಮನೆಯಲ್ಲಿ ಒಂದು ಸ್ಥೂಲ ಪರೀಕ್ಷೆ ಮಾಡಬಹುದು. ಔಷಧ ಕೊಟ್ಟ ಹಸುವಿನ ಹಾಲು ಒಂದು ಲೋಟ, ಕೊಡದ ಹಸುವಿನ ಹಾಲು ಒಂದು ಲೋಟ. ಎರಡನ್ನೂ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಒಂದೇ ಮೊಸರಿನಿಂದ ಒಂದೊಂದು ಚಮಚ ಹೆಪ್ಪು ಹಾಕಿ ಪಕ್ಕಪಕ್ಕದಲ್ಲಿಡಿ. ಎಂಟು ಗಂಟೆಯ ನಂತರ ಒಂದು ಗಟ್ಟಿಯಾಗಿ, ಇನ್ನೊಂದು ನೀರುನೀರಾಗಿ ಉಳಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಔಷಧಕ್ಕೆ ಸಿಕ್ಕಿ ಸತ್ತಿವೆ ಎಂದು ಅನುಮಾನಿಸಬೇಕು. ಆದರೆ ಮೊಸರಾಯಿತೆಂದರೆ ಹಾಲು ಶುದ್ಧ ಎಂದಲ್ಲ. ಡೇರಿಯ ಸ್ಟ್ರಿಪ್ ಇದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವನ್ನೂ ಹಿಡಿಯುತ್ತದೆ.

ಬಿಟ್ಟ ಹಾಲನ್ನು ಕರುವಿಗೆ ಕುಡಿಸಬೇಡಿ, ಅದರ ಹೊಟ್ಟೆಯಲ್ಲೇ ಔಷಧಕ್ಕೆ ಜಗ್ಗದ ರೋಗಾಣುಗಳು ಬೆಳೆಯುತ್ತವೆ. ಗೋಬರ್ ಗ್ಯಾಸ್ ತೊಟ್ಟಿಗೂ ಸುರಿಯಬೇಡಿ, ಅನಿಲ ಉತ್ಪಾದಿಸುವ ಸೂಕ್ಷ್ಮಾಣುಗಳು ಸೊರಗುತ್ತವೆ. ಬಾವಿ, ಕೆರೆಯಿಂದ ದೂರ ಗುಂಡಿ ತೆಗೆದು ಸುರಿಯಿರಿ. ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿ. ಕರೆಯುವವರು ಬದಲಾದ ದಿನವೇ ಹೆಚ್ಚು ತಪ್ಪುಗಳಾಗುವುದು. ಆ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.

ಪ್ರಶ್ನೆ: ಎತ್ತಿಗೆ ಕಾಲು ನೋವು. ಹಿಂದೆಲ್ಲ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ದೊಡ್ಡ ಬಾಟಲಿ ಕೊಡುತ್ತಿದ್ದರು, ಈಗ ಇಲ್ಲ ಅನ್ನುತ್ತಾರೆ. ಮನುಷ್ಯರ ಸಣ್ಣ ಆಂಪೂಲ್‌ಗಳನ್ನೇ ನಾಲ್ಕೈದು ಸೇರಿಸಿ ಕೊಡಬಹುದೇ? ರಣಹದ್ದಿಗೂ ಇದಕ್ಕೂ ಏನು ಸಂಬಂಧ?
– ಕನಕಪುರದ ಓದುಗರು

ಉತ್ತರ: ಕೊಡಬೇಡಿ, ಅದು ಕಾನೂನಿಗೆ ವಿರುದ್ಧ. ಡೈಕ್ಲೋಫೆನಾಕ್ ಕೊಟ್ಟ ದನ ಒಂದೆರಡು ದಿನದಲ್ಲಿ ಸತ್ತರೆ ಔಷಧ ಅದರ ಮಾಂಸದಲ್ಲಿ, ಮುಖ್ಯವಾಗಿ ಪಿತ್ತಜನಕಾಂಗ ಮತ್ತು ಮೂತ್ರಪಿಂಡದಲ್ಲಿ ಉಳಿದಿರುತ್ತದೆ. ಆ ಹೆಣ ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಯೂರಿಕ್ ಆಮ್ಲ ಹೊರಹೋಗದೆ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕೂರುತ್ತದೆ, ಹಕ್ಕಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕಾರಣ ಇದೇ ಎಂದು 2004ರಲ್ಲಿ ಪಾಕಿಸ್ತಾನದ ಅಧ್ಯಯನದಿಂದ ಖಚಿತವಾಯಿತು. ಅಷ್ಟರಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದಿದ್ದವು. ನಿಮ್ಮ ಜಿಲ್ಲೆಯ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳೂ ಈ ಹೊಡೆತ ತಿಂದ ಜಾತಿಯೇ. ಆ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು ಉಳಿದ ಬೆರಳೆಣಿಕೆಯ ಹಕ್ಕಿಗಳನ್ನು ಕಾಪಾಡಲೆಂದು.

ಇದು ಹಕ್ಕಿಗಳ ಪ್ರಶ್ನೆ ಮಾತ್ರವಲ್ಲ. ಹೆಣ ತಿನ್ನುವ ರಣಹದ್ದು ಇಲ್ಲವಾದರೆ ಹೆಣ ಕೊಳೆಯುತ್ತದೆ, ನೀರು ಕೆಡುತ್ತದೆ, ಬೀದಿನಾಯಿ ಹೆಚ್ಚುತ್ತವೆ. 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು, 2000ದಿಂದ 2005ರವರೆಗೆ ಈ ಕಾರಣಕ್ಕೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ಅಂದಾಜು ಮಾಡಿದೆ.

ಪಶುಗಳ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಲು 2006ರಲ್ಲಿ ಆದೇಶವಾಯಿತು, 2008ರಲ್ಲಿ ಅಧಿಸೂಚನೆಯ ಮೂಲಕ ನಿಷೇಧ ಬಂತು. ಆಮೇಲೆ ಮನುಷ್ಯರ 30 ಮಿಲಿ ಬಾಟಲಿಗಳೇ ಕೊಟ್ಟಿಗೆಗೆ ಬರತೊಡಗಿದವು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೂ ಒಂದೇ ಡೋಸಿನ 3 ಮಿಲಿಗೆ ಸೀಮಿತಗೊಳಿಸಿದರು. ನಿಮಗೆ ದೊಡ್ಡ ಬಾಟಲಿ ಸಿಗದಿರುವುದು ಈ ಕಾರಣಕ್ಕೆ. ನಾಲ್ಕೈದು ಆಂಪೂಲ್ ಒಡೆದು ಸೇರಿಸಿದರೆ ಆ ಇಡೀ ಪ್ರಯತ್ನಕ್ಕೆ ನೀರು ಬಿಟ್ಟಂತೆ. ಪಶುಗಳಿಗೆ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ 2023ರಲ್ಲಿ, ನಿಮೆಸುಲೈಡ್ 2024ರ ಕೊನೆಯಲ್ಲಿ ನಿಷೇಧವಾದವು. ಅಸೆಕ್ಲೋಫೆನಾಕ್ ದನದ ದೇಹದೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಹೆಸರು ಬೇರೆಯಾದರೂ ವಿಷ ಅದೇ.

ಬದಲಿಗೆ ಮೆಲಾಕ್ಸಿಕಾಮ್ ಇದೆ, ಟೊಲ್ಫೆನಾಮಿಕ್ ಆಮ್ಲ ಇದೆ. ಎರಡೂ ರಣಹದ್ದಿಗೆ ಸುರಕ್ಷಿತವೆಂದು ಪರೀಕ್ಷೆಯಾಗಿವೆ. ಮೆಲಾಕ್ಸಿಕಾಮ್ ಡೋಸ್ ದೇಹತೂಕದ ಕಿಲೋಗೆ 0.5 ಮಿಲಿಗ್ರಾಂ. 400 ಕಿಲೋ ಎತ್ತಿಗೆ 200 ಮಿಲಿಗ್ರಾಂ ಬೇಕು. ಮಿಲಿಗೆ 5 ಮಿಲಿಗ್ರಾಂ ಇರುವ ಬಾಟಲಿಯಾದರೆ ಅದು 40 ಮಿಲಿ. 'ಮೆಲಾಕ್ಸಿಕಾಮ್ ಕೆಲಸ ಮಾಡುವುದಿಲ್ಲ' ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು 10-15 ಮಿಲಿ ಕೊಟ್ಟು ಕೈಬಿಟ್ಟಿರುವುದು. ಬಾಟಲಿಯ ಸಾಂದ್ರತೆ ಓದಿ, ಎತ್ತಿನ ತೂಕ ಅಂದಾಜಿಸಿ, ವೈದ್ಯರ ಚೀಟಿಯಂತೆ ಕೊಡಿ. ನೀರು ಕುಡಿಯದೆ ಒಣಗಿರುವ ದನಕ್ಕೆ ಮೊದಲು ಡ್ರಿಪ್ ಬೇಕು. ಇಲ್ಲವಾದರೆ ಯಾವ ನೋವಿನ ಮದ್ದಾದರೂ ಮೂತ್ರಪಿಂಡಕ್ಕೆ ಹೊಡೆತವೇ.

ಪ್ರಶ್ನೆ: ಬ್ರಾಯ್ಲರ್ ಶೆಡ್ ಇದೆ. ಕೋಳಿಗೆ ಭೇದಿ ಬಂದಾಗ ನೀರಿನಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಪುಡಿ ಯಾಕೆ ಬ್ಯಾನ್ ಆಯಿತು? ಬೇರೆ ಆ್ಯಂಟಿಬಯಾಟಿಕ್ ಎಷ್ಟನೇ ದಿನದವರೆಗೆ ಕೊಡಬಹುದು?
– ಹೊಸಕೋಟೆಯ ಓದುಗರು

ಉತ್ತರ: ಬೇರೆ ಯಾವ ಔಷಧಕ್ಕೂ ಬಗ್ಗದ ಸೋಂಕು ತಗುಲಿ ಐಸಿಯುನಲ್ಲಿ ಮಲಗಿದ ರೋಗಿಗೆ ವೈದ್ಯರು ಕೊನೆಗೆ ಕೊಡುವ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನೂ ಸೋಲಿಸುವ ಎಂಸಿಆರ್-1 ಎಂಬ ಜೀನ್ 2015ರಲ್ಲಿ ಚೀನಾದಲ್ಲಿ ಹಂದಿ, ಮಾಂಸ ಮತ್ತು ರೋಗಿಗಳಲ್ಲಿ ಪತ್ತೆಯಾಯಿತು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಈ ಜೀನ್ ಸುಲಭವಾಗಿ ದಾಟುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ಆಹಾರದ ಪ್ರಾಣಿ, ಕೋಳಿ, ಮೀನು ಸಾಕಣೆ ಮತ್ತು ಮೇವಿನ ಪೂರಕಗಳಲ್ಲಿ ಕೊಲಿಸ್ಟಿನ್ ನಿಷೇಧಿಸಿತು. ಹಳೆಯ ಡಬ್ಬಿ ಶೆಡ್ಡಿನಲ್ಲಿದ್ದರೆ ಬಳಸಬೇಡಿ. 'ಗ್ರೋತ್ ಟಾನಿಕ್' ಎಂದು ಬರುವ ಪುಡಿಗಳ ಹಿಂಬದಿಯಲ್ಲಿ ಅಂಶಗಳ ಪಟ್ಟಿ ಇಲ್ಲದಿದ್ದರೆ ಕೊಳ್ಳಲೇಬೇಡಿ.

ಎರಡನೇ ಪ್ರಶ್ನೆಗೆ ಲೆಕ್ಕವೇ ಉತ್ತರ. ನೀವು 42ನೇ ದಿನಕ್ಕೆ ಕೋಳಿ ಎತ್ತಿಸುತ್ತೀರಿ ಎಂದುಕೊಳ್ಳಿ. ಲೇಬಲ್‌ನಲ್ಲಿ ಅವಧಿ ಗೊತ್ತಿಲ್ಲದ ಔಷಧವಾದರೆ ಮಾಂಸಕ್ಕೆ 28 ದಿನ. 14ನೇ ದಿನದ ನಂತರ ಅದನ್ನು ಕೊಡುವ ಹಾಗೇ ಇಲ್ಲ. ಐದನೇ ವಾರದಲ್ಲಿ ಭೇದಿ ಬಂದರೆ ಅವಧಿ ಸ್ಪಷ್ಟವಾಗಿ ಬರೆದಿರುವ, ಕಡಿಮೆ ದಿನದ ಔಷಧವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು, ಇಲ್ಲವೇ ಎತ್ತುವ ದಿನ ಮುಂದೂಡಬೇಕು. ಸತ್ತ ಒಂದೆರಡು ಕೋಳಿಗಳ ಪೋಸ್ಟ್‌ಮಾರ್ಟಂ ಮೊದಲು ಮಾಡಿಸಿ. ಕಾಕ್ಸಿಡಿಯ ಎಂಬ ಪರೋಪಜೀವಿಯಿಂದ ಬಂದ ರಕ್ತಭೇದಿಗೆ ಬ್ಯಾಕ್ಟೀರಿಯಾದ ಔಷಧ ಕೊಟ್ಟು ಹಣ ಸುರಿಯುವುದು ಶೆಡ್ಡುಗಳಲ್ಲಿ ಸಾಮಾನ್ಯ. ಮೊಟ್ಟೆ ಕೋಳಿಯಾದರೆ ಇನ್ನಷ್ಟು ಎಚ್ಚರ ಬೇಕು. ಹಳದಿ ಭಾಗ ಸುಮಾರು ಹತ್ತು ದಿನ ಪದರ ಪದರವಾಗಿ ಬೆಳೆಯುವುದರಿಂದ ಇಂದು ಕೊಟ್ಟ ಔಷಧ ಮುಂದಿನ ವಾರದ ಮೊಟ್ಟೆಯಲ್ಲೂ ಇರಬಹುದು.

ಪ್ರಶ್ನೆ: ಹಾಲು ಕರೆಯುವ ಮುಂಚೆ ಆಕ್ಸಿಟೋಸಿನ್ ಚುಚ್ಚಿದರೆ ಆ ಹಾಲು ಕುಡಿದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರಂತೆ, ನಿಜವೇ? ನಮ್ಮ ಎಮ್ಮೆ ಇಂಜೆಕ್ಷನ್ ಇಲ್ಲದೆ ಸೊರೆ ಬಿಡುತ್ತಿಲ್ಲ.
– ಗೋಕಾಕದ ಓದುಗರು

ಉತ್ತರ: ಹಾಗೆ ಆಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರಪಣಿ. ರಕ್ತದಲ್ಲಿ ನಿಮಿಷಗಳಲ್ಲಿ ಕರಗುತ್ತದೆ, ಹೊಟ್ಟೆಗೆ ಹೋದರೆ ಬೇರೆ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ತೊಂದರೆ ಆಗುವುದು ಎಮ್ಮೆಗೆ. ದಿನಕ್ಕೆ ಎರಡು ಸಲ ಸೂಜಿ, ಪ್ರತಿ ಸಲವೂ ಗರ್ಭಕೋಶದ ಸೆಳೆತ, ಕ್ರಮೇಣ ತಾನಾಗಿ ಸೊರೆ ಬಿಡುವುದೇ ಮರೆತುಹೋಗುತ್ತದೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಂತೆ ಅಪರಾಧ. ಎರಡು ವರ್ಷದವರೆಗೆ ಜೈಲು ಇದೆ.

ಸಂತೆಯಲ್ಲಿ ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾರುವುದು ಕಳ್ಳ ಮಾಲು. ಕಾನೂನು ಪ್ರಕಾರ ಆಕ್ಸಿಟೋಸಿನ್ ಬರಬೇಕಾದ್ದು ಒಂದೊಂದೇ ಆಂಪೂಲಿನ ಬ್ಲಿಸ್ಟರ್ ಪ್ಯಾಕಿನಲ್ಲಿ, ಅದೂ ವೈದ್ಯರ ಚೀಟಿಗೆ ಮಾತ್ರ. ಈ ದುರ್ಬಳಕೆ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಯ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಒಂದಕ್ಕೇ ವಹಿಸಿತು. ಹೆರಿಗೆಯ ರಕ್ತಸ್ರಾವ ನಿಲ್ಲಿಸುವ ಔಷಧಕ್ಕೆ ಕೊರತೆಯಾದರೆ ತಾಯಂದಿರ ಪ್ರಾಣಕ್ಕೆ ಕುತ್ತು ಎಂಬ ವಾದ ಬಂದು, ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಔಷಧ ಕೆಟ್ಟದ್ದಲ್ಲ, ಬಳಸುವ ಜಾಗ ತಪ್ಪು.

ಅಭ್ಯಾಸ ಬಿಡಿಸಲು ತಾಳ್ಮೆ ಬೇಕು. ಒಂದೇ ವೇಳೆ, ಒಂದೇ ಜಾಗ, ಸಾಧ್ಯವಾದರೆ ಕರೆಯುವ ಕೈಯೂ ಒಂದೇ ಇರಲಿ. ಮುಂದೆ ಹಿಂಡಿ ಇಡಿ, ಕರುವನ್ನು ಹತ್ತಿರ ಬಿಡಿ, ಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು ಒರೆಸಿ. ಒಂದೆರಡು ನಿಮಿಷ ಹೀಗೆ ಸವರಿದರೆ ಎಮ್ಮೆಯ ಮಿದುಳಿನಿಂದಲೇ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು. ಹೊಡೆದರೆ, ಗದರಿದರೆ ಹೆದರಿಕೆಯ ಹಾರ್ಮೋನು ಅದನ್ನು ತಡೆಯುತ್ತದೆ. ಇಂಜೆಕ್ಷನ್ ಪ್ರಮಾಣವನ್ನು ವೈದ್ಯರ ಸಲಹೆಯಂತೆ ದಿನದಿನಕ್ಕೆ ಇಳಿಸಿ. ಮೊದಲ ವಾರ ಹಾಲು ಕಡಿಮೆಯಾಗುತ್ತದೆ, ಎದೆಗುಂದಬೇಡಿ.

ಪ್ರಶ್ನೆ: ಏಳು ತಿಂಗಳ ಗಬ್ಬದ ಹಸು ಕಂದು ಹಾಕಿತು (ಗರ್ಭಪಾತವಾಯಿತು), ಕಸ (ಮಾಸು) ಬೀಳಲಿಲ್ಲ. ನಮ್ಮ ಮನೆಯವರು ಬರಿಗೈಯಲ್ಲೇ ಎಳೆದು ತೆಗೆದರು. ಈಗ ಅವರಿಗೆ ಸಂಜೆ ಜ್ವರ, ಬೆನ್ನು ನೋವು. ಸಂಬಂಧ ಇದೆಯೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಇರಬಹುದು, ತಡಮಾಡಬೇಡಿ. ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ, ಹಸುಗಳಲ್ಲಿ ಸಾಮಾನ್ಯವಾಗಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುತ್ತದೆ, ಕಸವೂ ಉಳಿದುಕೊಳ್ಳುತ್ತದೆ. ಆ ಕಸ, ನೀರು, ಸತ್ತ ಕರು ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಕೈಮೇಲಿನ ಸಣ್ಣ ಗೀರು, ಕಣ್ಣು, ಉಸಿರು, ಯಾವ ದಾರಿಯಿಂದಲಾದರೂ ಮನುಷ್ಯರಿಗೆ ಬರುತ್ತದೆ. ಮನುಷ್ಯರಲ್ಲಿ ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲು ಬೆನ್ನು ನೋವು ಇದರ ಲಕ್ಷಣ. ಟೈಫಾಯ್ಡ್ ಎಂದೋ ಕ್ಷಯ ಎಂದೋ ತಪ್ಪಾಗಿ ತಿಳಿಯುವುದು ಬಹಳ. ಮನೆಯವರನ್ನು ಇಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, 'ನಮ್ಮ ಹಸು ಕಂದು ಹಾಕಿದೆ, ಕಸ ಬರಿಗೈಯಲ್ಲಿ ತೆಗೆದಿದ್ದಾರೆ' ಎಂದು ಮೊದಲೇ ಹೇಳಿ. ಈ ಒಂದು ಮಾತು ಹೇಳದಿದ್ದರೆ ಬ್ರುಸೆಲ್ಲಾ ರಕ್ತಪರೀಕ್ಷೆ ಯಾರಿಗೂ ಹೊಳೆಯುವುದಿಲ್ಲ. ರೋಗ ಖಚಿತವಾದರೆ ಸಾಮಾನ್ಯವಾಗಿ ಎರಡು ಆ್ಯಂಟಿಬಯಾಟಿಕ್‌ಗಳನ್ನು ಆರು ವಾರ ಕೊಡುತ್ತಾರೆ. ಹತ್ತು ದಿನಕ್ಕೆ ಜ್ವರ ಇಳಿಯಿತೆಂದು ನಿಲ್ಲಿಸಿದರೆ ಮರುಕಳಿಸುತ್ತದೆ.

ಕೊಟ್ಟಿಗೆಯಲ್ಲಿ ಈಗ ಮಾಡಬೇಕಾದ್ದು: ಆ ಹಸುವನ್ನು ಬೇರೆ ಕಟ್ಟಿ, ಸ್ರಾವ ಪೂರ್ತಿ ನಿಲ್ಲುವವರೆಗೆ. ಗರ್ಭಿಣಿಯರು, ಮಕ್ಕಳು ಹತ್ತಿರ ಹೋಗಬಾರದು. ಸತ್ತ ಕರು, ಕಸ, ನೆನೆದ ಹುಲ್ಲನ್ನು ಕೈಗವಸು, ಮಾಸ್ಕ್ ಹಾಕಿಕೊಂಡು ಐದಾರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ. ನಾಯಿ ಎಳೆದೊಯ್ದರೆ ಊರೆಲ್ಲ ಹಂಚಿದಂತೆ. ನೆಲವನ್ನು ಮೊದಲು ಸಗಣಿ ಬಳಿದು ತೆಗೆದು ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಿ. ಸಗಣಿಯ ಮೇಲೇ ಹಾಕಿದರೆ ಕ್ಲೋರಿನ್ ಅಲ್ಲೇ ಮುಗಿದುಹೋಗುತ್ತದೆ. ಹಾಲನ್ನು ಕುದಿಸದೆ ಯಾರೂ ಬಳಸಬಾರದು.

ಕಂದು ಹಾಕುವುದಕ್ಕೆ ಬೇರೆ ಕಾರಣಗಳೂ ಇವೆ. ಹಾಗಾಗಿ ಹಸುವಿನ ರಕ್ತಪರೀಕ್ಷೆ ಆಗಲೇಬೇಕು. ಕಂದು ಹಾಕಿದ ದಿನವೇ ತೆಗೆದ ರಕ್ತದಲ್ಲಿ ಕೆಲವೊಮ್ಮೆ ರೋಗ ಕಾಣುವುದಿಲ್ಲ, ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವಿದೆ. ಸಂಶಯ ಬಂದರೆ ಪಂಚಾಯ್ತಿಗೆ ಇಲ್ಲವೇ ಪಶು ಆಸ್ಪತ್ರೆಗೆ ತಿಳಿಸುವುದು, ರೋಗದ ದನವನ್ನು ಬೇರ್ಪಡಿಸುವುದು ಮಾಲೀಕರ ಹೊಣೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ. ರೋಗ ಖಚಿತವಾದ ಹಸುವನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳುವ ಯೋಚನೆ ದಯವಿಟ್ಟು ಮಾಡಬೇಡಿ. ಕೊಂಡ ಮನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳು ಬರಿಗೈಯಲ್ಲಿ ಕಸ ತೆಗೆಯುತ್ತಾಳೆ.

ಉಳಿದ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಎಸ್-19 ಲಸಿಕೆ ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದು ಉಚಿತ. ಗಂಡು ಕರುವಿಗೆ, ಗಬ್ಬದ ಹಸುವಿಗೆ ಹಾಕುವಂತಿಲ್ಲ. ಇದು ಜೀವಂತ ರೋಗಾಣುವಿನ ಲಸಿಕೆ, ಹಾಕುವವರಿಗೆ ಕೈತಪ್ಪಿ ಚುಚ್ಚಿದರೆ ಅವರಿಗೂ ರೋಗ ಬರುತ್ತದೆ. ಕರುವನ್ನು ಗಟ್ಟಿಯಾಗಿ ಹಿಡಿದುಕೊಡಿ.

ಪ್ರಶ್ನೆ: ಹುಚ್ಚುನಾಯಿ ಕಚ್ಚಿದ ಹಸು ಸತ್ತಿತು. ಅದರ ಹಾಲಿನ ಟೀ ಮನೆಮಂದಿಯೆಲ್ಲ ಕುಡಿದಿದ್ದೇವೆ. ಎಲ್ಲರೂ ಇಂಜೆಕ್ಷನ್ ತೆಗೆದುಕೊಳ್ಳಬೇಕೇ?
– ಹಿರಿಯೂರಿನ ಓದುಗರು

ಉತ್ತರ: ಕುದಿಸಿದ ಹಾಲಿನಿಂದ ರೇಬೀಸ್ ಬರುವುದಿಲ್ಲ, ಟೀ ಕುಡಿದವರಿಗೆ ಇಂಜೆಕ್ಷನ್ ಬೇಡ. ಹಸಿ ಹಾಲು ಕುಡಿದವರಿದ್ದರೆ ವೈದ್ಯರನ್ನು ಕೇಳಿ. ನಿಜವಾಗಿ ಯೋಚಿಸಬೇಕಾದ್ದು ಹಸುವಿನ ಬಾಯಿಗೆ ಕೈ ಹಾಕಿದವರ ಬಗ್ಗೆ. ರೇಬೀಸ್ ಬಂದ ಹಸು ಜೊಲ್ಲು ಸುರಿಸುತ್ತದೆ, ನುಂಗಲಾರದು, ವಿಚಿತ್ರವಾಗಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಯೊಳಗೆ ಕೈ ಹಾಕಿ ತಡಕುವುದು, ಗೊಟ್ಟದಲ್ಲಿ ಔಷಧ ಕುಡಿಸುವುದು ಎಲ್ಲ ಕಡೆ ನಡೆಯುತ್ತದೆ. ಹಾಗೆ ಜೊಲ್ಲು ಮುಟ್ಟಿದವರ ಕೈಯಲ್ಲಿ ಗಾಯ, ಗೀರು ಇದ್ದರೆ, ಅಥವಾ ಕಣ್ಣು ಬಾಯಿಗೆ ಜೊಲ್ಲು ಸಿಡಿದಿದ್ದರೆ ಅವರು ಇವತ್ತೇ ಆಸ್ಪತ್ರೆಗೆ ಹೋಗಬೇಕು. ದಿನ ಕಳೆದಿದ್ದರೂ ಹೋಗಬೇಕು.

ಅದೇ ನಾಯಿ ಬೇರೆ ದನಗಳನ್ನು ಕಚ್ಚಿದ್ದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಲಸಿಕೆ ಆರಂಭಿಸಿದ ದಿನ, ನಂತರ 3, 7, 14 ಮತ್ತು 28ನೇ ದಿನ ತಪ್ಪದೆ ಹಾಕಿಸಿ. ಸತ್ತ ಹಸುವನ್ನು ಕೊಯ್ಯದೆ, ಚರ್ಮ ಸುಲಿಯದೆ ಆಳವಾಗಿ ಹೂಳಿ. ಕಟ್ಟಿದ್ದ ಜಾಗದ ಹಗ್ಗ, ಉಳಿದ ಮೇವನ್ನು ಸುಟ್ಟುಬಿಡಿ.